ಜಠರದ ಕ್ಯಾನ್ಸರ್: ಗಡ್ಡೆಯ ಗಾತ್ರ ಮುಖ್ಯವೋ, ಅದು ಇಳಿದಿರುವ ಆಳ ಮುಖ್ಯವೋ?

ಪ್ರಶ್ನೆ | ಶಿವಮೊಗ್ಗದ ಓದುಗಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 62 ವರ್ಷ. ಊಟವಾದ ಮೇಲೆ ಹೊಟ್ಟೆ ಉಬ್ಬರಿಸುವುದು, ಹಿಂದಿನ ದಿನ ತಿಂದದ್ದು ಮರುದಿನ ಹಾಗೆಯೇ ವಾಂತಿಯಾಗುವುದು ಹೆಚ್ಚಾಗುತ್ತಾ ಬಂದು, ಕೊನೆಗೆ ಎಂಡೋಸ್ಕೋಪಿ ಮಾಡಿಸಿದಾಗ ಜಠರದ ಕೆಳತುದಿಯಲ್ಲಿ ಗಡ್ಡೆ ಇರುವುದು ತಿಳಿಯಿತು. ಆಹಾರ ಕರುಳಿಗೆ ಇಳಿಯುವ ದಾರಿಯೇ ಮುಚ್ಚುತ್ತಿದ್ದುದರಿಂದ ವೈದ್ಯರು ಮೊದಲು ಶಸ್ತ್ರಚಿಕಿತ್ಸೆಯನ್ನೇ ಮಾಡಿ, ಜಠರದ ಕೆಳಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದರು. ತಂದೆಯವರು ಈಗ ಮನೆಗೆ ಬಂದಿದ್ದಾರೆ, ಸ್ವಲ್ಪ ಸ್ವಲ್ಪವಾಗಿ ಊಟ ಮಾಡುತ್ತಿದ್ದಾರೆ.

ಪೆಥಾಲಜಿ ವರದಿಯಲ್ಲಿ ಹೀಗಿದೆ: ಅಡಿನೋಕಾರ್ಸಿನೋಮ (ಗ್ರಂಥಿಕೋಶಗಳಿಂದ ಹುಟ್ಟುವ ಕ್ಯಾನ್ಸರ್), ಗಡ್ಡೆಯ ಅಗಲ 5.5 ಸೆಂ.ಮೀ., ಸಬ್‌ಸೆರೋಸದವರೆಗೆ ಹಬ್ಬಿದೆ, ಸೆರೋಸವನ್ನು ದಾಟಿಲ್ಲ, ಪರೀಕ್ಷಿಸಿದ 24 ದುಗ್ಧಗ್ರಂಥಿಗಳಲ್ಲಿ 2ರಲ್ಲಿ ಕ್ಯಾನ್ಸರ್ ಇದೆ, ಕತ್ತರಿಸಿದ ಅಂಚುಗಳು ಮುಕ್ತವಾಗಿವೆ. ಕೊನೆಯ ಸಾಲಿನಲ್ಲಿ ಪಿಟಿ3 ಎನ್1 (ಪಿ ಎಂದರೆ ಪೆಥಾಲಜಿಯಲ್ಲಿ ಕಂಡದ್ದು, ಟಿ ಎಂದರೆ ಗಡ್ಡೆ ಇಳಿದಿರುವ ಆಳ, ಎನ್ ಎಂದರೆ ದುಗ್ಧಗ್ರಂಥಿಗಳ ಸ್ಥಿತಿ) ಎಂದು ಬರೆದಿದ್ದಾರೆ. ಹಂತ 2ಬಿ ಎಂದು ವೈದ್ಯರು ಹೇಳಿದರು.

ನಮ್ಮ ಮನೆಯವರನ್ನು ಕಂಗೆಡಿಸಿರುವ ಸಂಗತಿ ಬೇರೆಯೇ ಇದೆ. ನನ್ನ ಚಿಕ್ಕಮ್ಮನಿಗೂ 2008ರಲ್ಲಿ ಇದೇ ಕಾಯಿಲೆ ಬಂದಿತ್ತು. ಅವರ ಹಳೆಯ ಕಡತವನ್ನು ತೆಗೆದು ನೋಡಿದರೆ ಅದರಲ್ಲಿಯೂ ಟಿ3 ಎಂದೇ ಇದೆ. ಅವರ ಗಡ್ಡೆ ಕೇವಲ 3 ಸೆಂ.ಮೀ. ಇದ್ದರೂ, ಶಸ್ತ್ರಚಿಕಿತ್ಸೆ ಮುಗಿದು ಎರಡು ವರ್ಷ ತುಂಬುವ ಮೊದಲೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡರು. ಚಿಕ್ಕ ಗಡ್ಡೆಗೇ ಹಾಗಾದರೆ ಇಷ್ಟು ದೊಡ್ಡದಕ್ಕೆ ಏನು ಗತಿ ಎಂದು ಅಮ್ಮ ಕೇಳುತ್ತಾರೆ, ನನಗೆ ಉತ್ತರ ಗೊತ್ತಿಲ್ಲ. ಗಾತ್ರಕ್ಕಿಂತ ಆಳ ಮುಖ್ಯ ಎನ್ನುವುದು ನಿಜವೇ? ಇಬ್ಬರಿಗೂ ಆಳ ಒಂದೇ ಆಗಿದ್ದರೆ ತಂದೆಯವರ ಮುಂದಿನ ದಾರಿಯೂ ಅದೇ ಎಂದು ತಿಳಿಯಬೇಕೇ? ಇನ್ನೊಂದು ಗೊಂದಲವೂ ಇದೆ: ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದ ಸಿ.ಟಿ. ವರದಿಯಲ್ಲಿ ಟಿ4ಎ ಇರಬಹುದು ಎಂದು ಬರೆದಿದ್ದರು. ಎರಡರಲ್ಲಿ ಯಾವುದನ್ನು ನಂಬಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 | ಪೆಥಾಲಜಿ ವೈದ್ಯೆ, ಹುಬ್ಬಳ್ಳಿ

ನಿಮ್ಮ ಚಿಕ್ಕಮ್ಮನವರ ವರದಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮನೆಯವರ ಭಯದ ಬೇರು ಅಲ್ಲಿದೆ. 2008ರ ಟಿ3 ಮತ್ತು ಇಂದಿನ ಟಿ3 ಒಂದೇ ಅಲ್ಲ. ಜಠರದ ಕ್ಯಾನ್ಸರಿನ ಹಂತಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಪದ್ಧತಿಯ ಆರನೆಯ ಆವೃತ್ತಿ ಆಗ ಬಳಕೆಯಲ್ಲಿತ್ತು. ಅದರ ಪ್ರಕಾರ ಗಡ್ಡೆಯು ಜಠರದ ಹೊರಪೊರೆಯಾದ ಸೆರೋಸವನ್ನು ಭೇದಿಸಿ ಹೊರಬಂದಿದ್ದರೆ ಟಿ3, ಅದರ ಒಳಬದಿಯ ಪದರವಾದ ಸಬ್‌ಸೆರೋಸದಲ್ಲಿಯೇ ನಿಂತಿದ್ದರೆ ಟಿ2ಬಿ. 2010ರಿಂದ ಜಾರಿಗೆ ಬಂದ ಏಳನೆಯ ಆವೃತ್ತಿ ಇದನ್ನು ಬದಲಿಸಿತು: ಹಿಂದಿನ ಟಿ2ಬಿ ಇಂದು ಟಿ3 ಆಗಿದೆ, ಹಿಂದಿನ ಟಿ3 ಇಂದು ಟಿ4ಎ ಆಗಿದೆ. ಈಗಿನ ಎಂಟನೆಯ ಆವೃತ್ತಿಯಲ್ಲಿಯೂ ಅದೇ ಮುಂದುವರಿದಿದೆ. ಆದ್ದರಿಂದ ಹಳೆಯ ಪದ್ಧತಿಯಂತೆ ಬರೆದಿದ್ದರೆ ಚಿಕ್ಕಮ್ಮನವರ ಗಡ್ಡೆ ಸೆರೋಸವನ್ನು ದಾಟಿತ್ತು. ತಂದೆಯವರ ಗಡ್ಡೆ ದಾಟಿಲ್ಲ. ಕಡತದಲ್ಲಿ ಟಿ3 ಎಂಬ ಸಂಕೇತದ ಮೇಲಿನ ಸಾಲುಗಳಲ್ಲಿ ಪದರದ ಹೆಸರನ್ನು ಬರೆದಿರುತ್ತಾರೆ, ಅದನ್ನೊಮ್ಮೆ ನೋಡಿ. ಹಳೆಯ ವರದಿಗಳನ್ನು ಓದುವಾಗ ಸಂಕೇತಕ್ಕಿಂತ ಆ ಸಾಲುಗಳೇ ಹೆಚ್ಚು ನಂಬಿಕೆಗೆ ಅರ್ಹ.

ಆಳ ಎಂದರೆ ನಾವು ಮಿಲಿಮೀಟರಿನಲ್ಲಿ ಅಳೆಯುವ ಆಳವಲ್ಲ, ಗಡ್ಡೆಯ ತುದಿ ಯಾವ ಪದರವನ್ನು ಮುಟ್ಟಿದೆ ಎಂಬುದು. ಜಠರದ ಗೋಡೆ ಒಟ್ಟಾರೆ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಒಳಗಿನಿಂದ ಹೊರಕ್ಕೆ ಬಂದರೆ ಮೊದಲು ಲೋಳೆಪದರವಾದ ಮ್ಯೂಕೋಸ, ಅದರ ಕೆಳಗೆ ಸಡಿಲವಾದ ಸಬ್‌ಮ್ಯೂಕೋಸ, ಬಳಿಕ ಆಹಾರವನ್ನು ಕಡೆಯುವ ದಪ್ಪ ಸ್ನಾಯುಪದರ, ಅದರಾಚೆ ತೆಳುವಾದ ಕೊಬ್ಬಿನ ಸಬ್‌ಸೆರೋಸ, ಕಟ್ಟಕಡೆಗೆ ಸೆರೋಸ. ಕ್ಯಾನ್ಸರ್ ಮ್ಯೂಕೋಸದಲ್ಲಿ ಇದ್ದರೆ ಟಿ1ಎ, ಸಬ್‌ಮ್ಯೂಕೋಸಕ್ಕೆ ಇಳಿದರೆ ಟಿ1ಬಿ, ಸ್ನಾಯುಪದರಕ್ಕೆ ಬಂದರೆ ಟಿ2, ಸಬ್‌ಸೆರೋಸದಲ್ಲಿ ಟಿ3, ಸೆರೋಸವನ್ನು ಭೇದಿಸಿದರೆ ಟಿ4ಎ, ಪಕ್ಕದ ಅಂಗಗಳಾದ ಮೇದೋಜೀರಕ ಗ್ರಂಥಿ, ಯಕೃತ್ತು ಅಥವಾ ದೊಡ್ಡ ಕರುಳಿಗೆ ನುಗ್ಗಿದರೆ ಟಿ4ಬಿ. 7 ಸೆಂ.ಮೀ. ಅಗಲಕ್ಕೆ ಹರಡಿದ್ದರೂ ಮ್ಯೂಕೋಸದಲ್ಲೇ ಉಳಿದ ಗಡ್ಡೆ ಟಿ1ಎ ಆಗಿಯೇ ಇರುತ್ತದೆ, 2 ಸೆಂ.ಮೀ. ಮಾತ್ರವಿದ್ದು ಹೊರಪೊರೆಯನ್ನು ತೂರಿದ್ದು ಟಿ4ಎ. ಗಾತ್ರಕ್ಕೆ ಅರ್ಥವೇ ಇಲ್ಲವೆಂದಲ್ಲ, ದೊಡ್ಡವು ಸಾಮಾನ್ಯವಾಗಿ ಆಳಕ್ಕೂ ಇಳಿದಿರುತ್ತವೆ. ಆದರೆ ಹಂತವನ್ನು ನಿರ್ಧರಿಸುವ ಲೆಕ್ಕದಲ್ಲಿ ಗಾತ್ರಕ್ಕೆ ಸ್ಥಾನವಿಲ್ಲ. ನಿಮ್ಮ ತಾಯಿಯವರಿಗೆ ಇದನ್ನು ಖಂಡಿತವಾಗಿ ಹೇಳಿ.

ಪದರಗಳು ಏಕೆ ಇಷ್ಟು ಮುಖ್ಯವಾಗುತ್ತವೆ ಎಂದರೆ, ಪ್ರತಿ ಪದರದಲ್ಲಿಯೂ ಕ್ಯಾನ್ಸರಿಗೆ ಹೊಸದೊಂದು ದಾರಿ ಸಿಗುತ್ತದೆ. ಸಬ್‌ಮ್ಯೂಕೋಸದಲ್ಲಿ ದುಗ್ಧನಾಳಗಳ ದಟ್ಟವಾದ ಜಾಲವಿದೆ. ಮ್ಯೂಕೋಸದಲ್ಲಿ ಉಳಿದ ಕ್ಯಾನ್ಸರುಗಳಲ್ಲಿ ದುಗ್ಧಗ್ರಂಥಿಗೆ ಹರಡುವುದು ಸುಮಾರು ಶೇ. 2–3ರಷ್ಟು ಮಂದಿಯಲ್ಲಿ ಮಾತ್ರ. ಸಬ್‌ಮ್ಯೂಕೋಸಕ್ಕೆ ಇಳಿದ ಕೂಡಲೇ ಅದು ಶೇ. 15–20ರ ಆಸುಪಾಸಿಗೆ ಏರುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಆಗುವ ಬದಲಾವಣೆ ಇದು. ಈ ಎರಡು ಪದರಗಳಿಗೆ ಸೀಮಿತವಾದುದನ್ನು ಆರಂಭಿಕ ಜಠರ ಕ್ಯಾನ್ಸರ್ ಎಂದು ಪ್ರತ್ಯೇಕಿಸುವ ವಾಡಿಕೆಯನ್ನು ಜಪಾನಿನ ಎಂಡೋಸ್ಕೋಪಿ ತಜ್ಞರು 1962ರಲ್ಲಿ ಆರಂಭಿಸಿದರು, ಮತ್ತು ಅಂಥವರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯ ಬಳಿಕ ಐದು ವರ್ಷ ದಾಟುತ್ತಾರೆ. ಇನ್ನೊಂದು ತುದಿಯಲ್ಲಿ ಸೆರೋಸವಿದೆ. ಅದರ ಆಚೆಗೆ ಏನಾಗುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸಕರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಸಿ.ಟಿ. ವಿಷಯಕ್ಕೆ ಬಂದರೆ, ಪೆಥಾಲಜಿ ವರದಿಯನ್ನೇ ನಂಬಿ. ಸಿ.ಟಿ.ಯಲ್ಲಿ ಕಾಣುವುದು ಗೋಡೆಯ ದಪ್ಪ ಮತ್ತು ಹೊರಗಿನ ಕೊಬ್ಬಿನಲ್ಲಿ ಮೂಡುವ ಗೆರೆಗಳ ನೆರಳು. ಗಡ್ಡೆಯ ಸುತ್ತ ಉರಿಯೂತವೋ ಬಾವೋ ಇದ್ದರೂ ಅದೇ ನೆರಳು ಕಾಣಿಸುತ್ತದೆ, ಸಬ್‌ಸೆರೋಸ ಮತ್ತು ಸೆರೋಸಗಳ ನಡುವಿನ ಗೆರೆಯಂತೂ ಅದರ ಕಣ್ಣಿಗೆ ನಿಲುಕುವುದು ಕಷ್ಟ. ಎಂಡೋಸ್ಕೋಪಿಯ ಜೊತೆಗಿನ ಅಲ್ಟ್ರಾಸೌಂಡ್ ಪದರಗಳನ್ನು ಬಿಡಿಸಿ ತೋರಿಸುತ್ತದೆಯಾದರೂ ಅದು ಕೂಡ ತಪ್ಪುವುದುಂಟು. ನಾವಾದರೆ ತೆಗೆದ ಜಠರದಲ್ಲಿ ಗಡ್ಡೆ ಅತ್ಯಂತ ಆಳಕ್ಕೆ ಹೋಗಿರುವ ಜಾಗವನ್ನು ಹುಡುಕಿ, ಅಲ್ಲಿಂದ ಗೋಡೆಯ ಪೂರ್ಣ ದಪ್ಪದ ತುಂಡುಗಳನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಹೊರಪೊರೆಯನ್ನು ಉದ್ದಕ್ಕೂ ನೋಡುತ್ತೇವೆ. ಒಂದು ಸೂಕ್ಷ್ಮವನ್ನು ಹೇಳಲೇಬೇಕು: ಜಠರಕ್ಕೆ ಅಂಟಿಕೊಂಡಿರುವ ಓಮೆಂಟಮ್ ಎಂಬ ಕೊಬ್ಬಿನ ಮಡಿಕೆಯೊಳಗೆ ಗಡ್ಡೆ ಇಳಿದಿದ್ದರೂ ಅದನ್ನು ಹೊದ್ದ ಪೊರೆ ಹರಿಯದಿದ್ದರೆ ಅದು ಟಿ3 ಆಗಿಯೇ ಉಳಿಯುತ್ತದೆ. ಸಿ.ಟಿ.ಯಲ್ಲಿ ಟಿ4ಎ ಎಂದು ಕಂಡದ್ದು ಪೆಥಾಲಜಿಯಲ್ಲಿ ಟಿ3 ಆಗುವುದಕ್ಕೆ ಇದೂ ಒಂದು ಕಾರಣ.

ಉತ್ತರ 2 | ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಬೆಂಗಳೂರು

ಮೇಡಂ ಅವರು ಬಿಟ್ಟ ಜಾಗದಿಂದ ಮುಂದುವರಿಸುತ್ತೇನೆ. ಸೆರೋಸದ ಆಚೆಗಿರುವುದು ಪೆರಿಟೋನಿಯಲ್ ಕುಹರ, ಅಂದರೆ ಹೊಟ್ಟೆಯ ಎಲ್ಲ ಅಂಗಗಳೂ ಕೂತಿರುವ ಟೊಳ್ಳು. ಗಡ್ಡೆ ಹೊರಪೊರೆಯನ್ನು ಹರಿದು ಆ ಟೊಳ್ಳಿಗೆ ಮುಖಮಾಡಿದ ಮೇಲೆ, ಅದರ ಕೋಶಗಳು ಮಾಗಿದ ತೆನೆಯಿಂದ ಕಾಳು ಉದುರುವ ಹಾಗೆ ಉದುರಿ, ಎಲ್ಲೆಂದರಲ್ಲಿ ಬಿದ್ದು ಬೇರೂರಬಲ್ಲವು. ರಕ್ತ ಅಥವಾ ದುಗ್ಧನಾಳದ ಹಾದಿಯೇ ಅವುಗಳಿಗೆ ಬೇಕಾಗುವುದಿಲ್ಲ. ಸೆರೋಸ ದಾಟಿದ ಜಠರ ಕ್ಯಾನ್ಸರ್ ಮರುಕಳಿಸಿದಾಗ ಅದು ಬಹಳಷ್ಟು ಸಲ ಆ ಟೊಳ್ಳಿನ ಒಳಪೊರೆಯಾದ ಪೆರಿಟೋನಿಯಂನಲ್ಲಿಯೇ ಕಾಣಿಸಿಕೊಳ್ಳುವುದು ಇದರಿಂದ, ನಿಮ್ಮ ಚಿಕ್ಕಮ್ಮನವರಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡದ್ದೂ ಬಹುಶಃ ಇದರಿಂದಲೇ. 3 ಸೆಂ.ಮೀ. ಎಂಬ ಸಂಖ್ಯೆ ಅವರನ್ನು ಕಾಪಾಡಲಾರದಾಯಿತು.

ಗಡ್ಡೆ ಆಳಕ್ಕಿಳಿದಿದೆ ಎಂದು ಅನುಮಾನವಿದ್ದವರಲ್ಲಿ ನಾವು ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವುದು) ಮಾಡಿ ಪೆರಿಟೋನಿಯಂ ಅನ್ನು ಕಣ್ಣಾರೆ ನೋಡುತ್ತೇವೆ, ಉಪ್ಪುನೀರು ಹಾಕಿ ತೊಳೆದು ಆ ನೀರನ್ನು ಪರೀಕ್ಷೆಗೆ ಕಳುಹಿಸುತ್ತೇವೆ. ಕಣ್ಣಿಗೆ ಏನೂ ಕಾಣದಿದ್ದರೂ ಆ ನೀರಿನಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕರೆ ಅದು ನಾಲ್ಕನೆಯ ಹಂತವೆಂದೇ ಲೆಕ್ಕ. ನಿಮ್ಮ ತಂದೆಯವರ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಪೆರಿಟೋನಿಯಂ ಹೇಗಿತ್ತು, ತೊಳೆದ ನೀರನ್ನು ಕಳುಹಿಸಿದ್ದರೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಇದು ಸಂಶಯದ ಪ್ರಶ್ನೆಯಲ್ಲ, ಯಾವ ವೈದ್ಯರೂ ಸಂತೋಷದಿಂದ ಉತ್ತರಿಸುವ ಪ್ರಶ್ನೆ.

ಆಳವನ್ನು ಒಂಟಿಯಾಗಿ ಓದಬೇಡಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆಳ ಹೆಚ್ಚಿದಂತೆ ದುಗ್ಧಗ್ರಂಥಿಗಳಿಗೆ ಹರಡುವ ಸಂಭವವೂ ಹೆಚ್ಚುತ್ತದೆ, ಆದರೆ ಎರಡೂ ಯಾವಾಗಲೂ ಜೊತೆಯಾಗಿ ನಡೆಯುವುದಿಲ್ಲ, ಮತ್ತು ಹರಡಿದ ಗ್ರಂಥಿಗಳ ಎಣಿಕೆ ಅನೇಕ ಸಲ ಆಳಕ್ಕಿಂತಲೂ ಹೆಚ್ಚು ಹೇಳುತ್ತದೆ. 2ಬಿ ಹಂತವನ್ನೇ ನೋಡಿ. ಟಿ4ಎ ಆಗಿದ್ದು ಒಂದೂ ಗ್ರಂಥಿ ಕೆಡದವರು, ಟಿ3 ಆಗಿದ್ದು 1–2 ಗ್ರಂಥಿ ಕೆಟ್ಟವರು, ಟಿ2 ಆಗಿದ್ದು 3–6 ಕೆಟ್ಟವರು, ಟಿ1 ಆಗಿದ್ದೂ 7–15 ಕೆಟ್ಟವರು, ಈ ನಾಲ್ವರೂ ಅದೇ ಹಂತದಲ್ಲಿ ಬರುತ್ತಾರೆ. ಆಳ ಕಡಿಮೆಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಹೆಚ್ಚಿದೆಯೆಂದ ಮಾತ್ರಕ್ಕೆ ಕೈಚೆಲ್ಲುವಂತೆಯೂ ಇಲ್ಲ. ಗ್ರಂಥಿಗಳ ಎಣಿಕೆ ನಂಬಲರ್ಹವಾಗಬೇಕಾದರೆ ಕನಿಷ್ಠ 16 ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು. ಐದಾರು ಗ್ರಂಥಿಗಳನ್ನು ಮಾತ್ರ ನೋಡಿ ಎಲ್ಲವೂ ಚೆನ್ನಾಗಿವೆ ಎಂದು ಬರೆದ ವರದಿಗಳು ಕೆಲವೊಮ್ಮೆ ನನ್ನ ಮುಂದೆ ಬರುತ್ತವೆ, ಅವುಗಳನ್ನು ಇಟ್ಟುಕೊಂಡು ಧೈರ್ಯ ಹೇಳಲು ನನಗೆ ಮನಸ್ಸೊಪ್ಪುವುದಿಲ್ಲ. ನಿಮ್ಮ ತಂದೆಯವರಲ್ಲಿ 24 ನೋಡಿದ್ದಾರೆ, ಆದ್ದರಿಂದ ಆ 2 ಎಂಬ ಸಂಖ್ಯೆಗೆ ಬೆಲೆಯಿದೆ.

ಅಂಕಿಗಳನ್ನು ನೀವು ಈಗಾಗಲೇ ಹುಡುಕಿರುತ್ತೀರಿ, ಆದ್ದರಿಂದ ಮರೆಮಾಚುವುದಿಲ್ಲ. ಎಂಟನೆಯ ಆವೃತ್ತಿಗೆ ಆಧಾರವಾದ, ಸುಮಾರು 25 ಸಾವಿರ ರೋಗಿಗಳ ಅಂತಾರಾಷ್ಟ್ರೀಯ ಮಾಹಿತಿಯಲ್ಲಿ ಐದು ವರ್ಷ ಬದುಕಿದವರು 1ಎ ಹಂತದಲ್ಲಿ ಶೇ. 93.6, 2ಬಿಯಲ್ಲಿ ಶೇ. 68, 3ಎಯಲ್ಲಿ ಶೇ. 54, 3ಸಿಯಲ್ಲಿ ಶೇ. 18ರಷ್ಟು. ಆದರೆ ಆ ರೋಗಿಗಳಲ್ಲಿ ಬಹುಪಾಲು ಜನ ಜಪಾನ್ ಮತ್ತು ಕೊರಿಯಾದವರು, ಅನುಭವಿ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆ ಪಡೆದವರು. ನಮ್ಮಲ್ಲಿಯೂ ಅದೇ ಅಂಕಿ ಸಿಗುತ್ತದೆ ಎಂದು ನಾನು ಹೇಳಲಾರೆ. ಜೊತೆಗೆ, ಶೇ. 68 ಎಂಬುದು ಒಂದು ಗುಂಪಿನ ಕಥೆ. ತಂದೆಯವರು ಆ 68ರಲ್ಲಿದ್ದಾರೋ ಉಳಿದ 32ರಲ್ಲಿದ್ದಾರೋ ಎಂದು ಇಂದು ಯಾರೂ ಹೇಳಲಾರರು.

ಉತ್ತರ 3 | ನಗೋಯದಲ್ಲಿ ನೆಲೆಸಿರುವ ಕನ್ನಡತಿ

ನಾನು ವೈದ್ಯೆಯಲ್ಲ. ಆದರೆ ಪದರಗಳ ಮಾತು ನಮ್ಮ ಮನೆಯಲ್ಲಿ ಎಷ್ಟು ನಿಜವಾಯಿತು ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಜಪಾನಿನಲ್ಲಿ 1983ರಿಂದಲೇ ಜಠರದ ಕ್ಯಾನ್ಸರಿಗೆ ಸರ್ಕಾರಿ ತಪಾಸಣೆ ಇದೆ. ನನ್ನ ಪತಿಗೆ ಯಾವ ತೊಂದರೆಯೂ ಇರಲಿಲ್ಲ, ತಪಾಸಣೆಯಲ್ಲಿ ಮ್ಯೂಕೋಸದ ಮೇಲೆ ಚಿಕ್ಕದೊಂದು ಕೆಂಪು ಮಚ್ಚೆ ಕಂಡಿತು. ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿಯ ಮೂಲಕವೇ ಆ ಜಾಗವನ್ನು ಸಬ್‌ಮ್ಯೂಕೋಸದಿಂದ ಬಿಡಿಸಿ ಇಡಿಯಾಗಿ ತೆಗೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ವರದಿ ಬಂದಾಗ ಕ್ಯಾನ್ಸರ್ ಸಬ್‌ಮ್ಯೂಕೋಸದೊಳಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಇಳಿದಿದೆ ಎಂದಿತ್ತು. ಅರ್ಧ ಮಿಲಿಮೀಟರಿನೊಳಗೆ ಇದ್ದು ಉಳಿದ ಲಕ್ಷಣಗಳೂ ಸರಿಯಿದ್ದರೆ ಅಷ್ಟಕ್ಕೇ ಬಿಡಬಹುದಿತ್ತು, ಅದಕ್ಕಿಂತ ಕೆಳಗೆ ಹೋದರೆ ದುಗ್ಧಗ್ರಂಥಿಗೆ ಹರಡಿರುವ ಸಂಭವವನ್ನು ಕಡೆಗಣಿಸಲಾಗದು ಎಂದು ವೈದ್ಯರು ವಿವರಿಸಿ, ಜಠರದ ಒಂದು ಭಾಗವನ್ನು ಗ್ರಂಥಿಗಳ ಸಮೇತ ತೆಗೆದರು. ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಹಾಗಿದ್ದ ಮೇಲೆ ಶಸ್ತ್ರಚಿಕಿತ್ಸೆ ವ್ಯರ್ಥವಾಯಿತಲ್ಲವೇ ಎಂದು ಊರಿನಲ್ಲಿ ಕೆಲವರು ಕೇಳಿದರು. ನನಗೆ ಹಾಗೆ ಅನಿಸುವುದಿಲ್ಲ. ಇಲ್ಲವೆಂದು ಖಚಿತವಾಗಿ ತಿಳಿಯಲು ಬೇರೆ ದಾರಿ ಇರಲಿಲ್ಲ. ನಿಮ್ಮ ತಂದೆಯವರ ಸ್ಥಿತಿ ಇದಕ್ಕಿಂತ ಮುಂದುವರಿದದ್ದು ಎಂಬುದನ್ನು ಬಲ್ಲೆ. ಅವರು ಬೇಗ ಚೇತರಿಸಿಕೊಳ್ಳಲಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ನಾನು ಋಣಿ. ಚಿಕ್ಕಮ್ಮನ ಕಡತವನ್ನು ಮತ್ತೆ ತೆರೆದು ಓದಿದೆ. ಗಡ್ಡೆ ಸೆರೋಸವನ್ನು ಭೇದಿಸಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅಮ್ಮನಿಗೆ ಓದಿ ಹೇಳಿದೆ.

ಇನ್ನೆರಡು ಸಂದೇಹಗಳಿವೆ. ಗಡ್ಡೆಯೂ ಗ್ರಂಥಿಗಳೂ ಹೋಗಿ ಅಂಚುಗಳೂ ಶುದ್ಧವಾಗಿದ್ದ ಮೇಲೆ ವೈದ್ಯರು ಹೇಳಿರುವ ಕೀಮೋ (ಕೀಮೋಥೆರಪಿ) ಏಕೆ ಎಂದು ತಂದೆಯವರು ಕೇಳುತ್ತಿದ್ದಾರೆ. ಪಕ್ಕದ ಬೀದಿಯ ಒಬ್ಬರಿಗೆ ಮೊದಲೇ ಕೀಮೋ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಅವರ ವರದಿಯಲ್ಲಿ ವೈಪಿಟಿ3 ಎನ್0 ಎಂದಿದೆ. ಆಳ ಒಂದೇ ಆಗಿರುವುದರಿಂದ ಅವರದೂ ತಂದೆಯವರದೂ ಒಂದೇ ಸ್ಥಿತಿ ಎನ್ನಬಹುದೇ?

ಉತ್ತರ 4 | ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಬೆಂಗಳೂರು

ತಂದೆಯವರ ಪ್ರಶ್ನೆ ನ್ಯಾಯವಾದದ್ದು. ಅಂಚುಗಳು ಶುದ್ಧವಾಗಿವೆ ಎಂದರೆ ಕತ್ತರಿಸಿದ ಜಾಗದಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದರ್ಥ. ಗಡ್ಡೆ ಸಬ್‌ಸೆರೋಸದವರೆಗೆ ಬರುವಷ್ಟರಲ್ಲಿ ಸಬ್‌ಮ್ಯೂಕೋಸದ ದುಗ್ಧನಾಳಗಳನ್ನೂ ಸ್ನಾಯುಪದರದ ರಕ್ತನಾಳಗಳನ್ನೂ ಹಾದುಬಂದಿದೆ, ಎರಡು ಗ್ರಂಥಿಗಳನ್ನು ತಲುಪಿಯೂ ಇದೆ. ಯಾವ ಸ್ಕ್ಯಾನಿನಲ್ಲಿಯೂ ಕಾಣದ ಕೋಶಗಳು ಬೇರೆಡೆ ಉಳಿದಿರಬಹುದು, ಕೀಮೋ ಅವುಗಳಿಗಾಗಿ. ಕೊರಿಯಾ, ಚೀನಾ ಮತ್ತು ತೈವಾನಿನಲ್ಲಿ 1,035 ರೋಗಿಗಳ ಮೇಲೆ ನಡೆದ ಕ್ಲಾಸಿಕ್ ಎಂಬ ಅಧ್ಯಯನದಲ್ಲಿ, ಎರಡನೆಯ ಮತ್ತು ಮೂರನೆಯ ಹಂತದವರಿಗೆ ಶಸ್ತ್ರಚಿಕಿತ್ಸೆಯ ಬಳಿಕ ಆರು ತಿಂಗಳು ಕೆಪೆಸಿಟಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಕೊಟ್ಟಾಗ ಐದು ವರ್ಷ ಬದುಕಿದವರು ಶೇ. 78, ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಶೇ. 69. ನೂರು ಜನರಲ್ಲಿ ಒಂಬತ್ತು ಮಂದಿಯ ವ್ಯತ್ಯಾಸ ಇದು, ನನ್ನ ದೃಷ್ಟಿಯಲ್ಲಿ ಸಣ್ಣದಲ್ಲ. ಚಿಕಿತ್ಸೆಯ ಕಷ್ಟವೂ ಸಣ್ಣದಲ್ಲ: ಕೈಕಾಲು ಜುಮುಗುಟ್ಟುವುದು, ಸುಸ್ತು, ಹಸಿವಿಲ್ಲದಿರುವುದು ಬರುತ್ತವೆ, ಜಠರ ಕಿರಿದಾದವರಿಗೆ ತೂಕ ಉಳಿಸಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ತಾಳಿಕೊಳ್ಳಲಾಗದಿದ್ದರೆ ಔಷಧದ ಪ್ರಮಾಣವನ್ನು ತಗ್ಗಿಸಬಹುದು. ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ನೆರೆಯವರ ವರದಿಯನ್ನು ತಂದೆಯವರದರ ಜೊತೆ ಹೋಲಿಸಲು ಬರುವುದಿಲ್ಲ. ಮೊದಲ ಅಕ್ಷರವಾದ ‘ವೈ’, ಕೀಮೋ ಆದ ಮೇಲೆ ನೋಡಿದ ಆಳ ಎಂದು ತಿಳಿಸುತ್ತದೆ. ಕೀಮೋ ಗಡ್ಡೆಯನ್ನು ಹೊರಗಿನಿಂದ ಒಳಕ್ಕೆ ಅಚ್ಚುಕಟ್ಟಾಗಿ ಕರಗಿಸುವುದಿಲ್ಲ. ಬಹುಪಾಲು ಸತ್ತು ಗಾಯದ ಕಲೆಯಂತಾಗಿ, ಸಬ್‌ಸೆರೋಸದಲ್ಲಿ ಬೆರಳೆಣಿಕೆಯ ಕೋಶಗಳು ಉಳಿದಿದ್ದರೂ ನಿಯಮದಂತೆ ಅದು ವೈಪಿಟಿ3 ಆಗುತ್ತದೆ. ಆದ್ದರಿಂದ ಕೀಮೋ ಪಡೆದವರಲ್ಲಿ ಆಳದ ಮಾತಿಗೆ ಮೊದಲಿನ ತೂಕ ಇರುವುದಿಲ್ಲ. ಶಸ್ತ್ರಚಿಕಿತ್ಸೆಯ ಮೊದಲೂ ನಂತರವೂ ಕೀಮೋ ಕೊಟ್ಟು ನೋಡಿದ ಬ್ರಿಟನ್ನಿನ ಮ್ಯಾಜಿಕ್ ಎಂಬ ಅಧ್ಯಯನದ ರೋಗಿಗಳನ್ನು ಮರಳಿ ಪರಿಶೀಲಿಸಿದಾಗ, ಕೀಮೋ ಬಳಿಕ ಬದುಕುಳಿಯುವುದನ್ನು ಸ್ವತಂತ್ರವಾಗಿ ಸೂಚಿಸಿದ್ದು ದುಗ್ಧಗ್ರಂಥಿಗಳ ಸ್ಥಿತಿಯೇ. ಆ ದೃಷ್ಟಿಯಿಂದ ನಿಮ್ಮ ನೆರೆಯವರ ಎನ್0, ಅಂದರೆ ಯಾವ ಗ್ರಂಥಿಯಲ್ಲಿಯೂ ಕ್ಯಾನ್ಸರ್ ಕಾಣದಿರುವುದು, ಒಳ್ಳೆಯ ಸುದ್ದಿ. ದಾರಿ ಮುಚ್ಚಿಕೊಳ್ಳದ, ರಕ್ತಸ್ರಾವವಿಲ್ಲದ ರೋಗಿಗಳಲ್ಲಿ ಮೊದಲು ಕೀಮೋ ಕೊಡುವುದನ್ನೇ ನಾನೂ ಆಯ್ದುಕೊಳ್ಳುತ್ತೇನೆ. ತಂದೆಯವರಿಗೆ ಅಷ್ಟು ಕಾಯುವ ಅವಕಾಶ ಇರಲಿಲ್ಲ.

ಉತ್ತರ 5 | ಪೆಥಾಲಜಿ ವೈದ್ಯೆ, ಹುಬ್ಬಳ್ಳಿ

ಒಂದು ವಿಷಯ ಉಳಿದಿದೆ. ಕೀಮೋ ಆರಂಭಿಸುವ ಮುನ್ನ ವರದಿಯಲ್ಲಿ ಇನ್ನೆರಡು ಅಂಶಗಳನ್ನು ಹುಡುಕಿ: ಗಡ್ಡೆಯ ಕೋಶಗಳು ದುಗ್ಧನಾಳ ಅಥವಾ ರಕ್ತನಾಳದೊಳಗೆ ಕಂಡಿವೆಯೇ, ಮತ್ತು ಅವು ಗುಂಪಾಗಿ ಗ್ರಂಥಿಯಂತೆ ಬೆಳೆಯುವ ಬಗೆಯವೋ ಅಥವಾ ಒಂದೊಂದಾಗಿ ಚದುರಿ ನುಗ್ಗುವ ಬಗೆಯವೋ. ಚದುರುವ ಬಗೆಯವು ಪದರಗಳ ನಡುವೆ ಸದ್ದಿಲ್ಲದೆ ದೂರ ಸಾಗುತ್ತವೆ, ಪೆರಿಟೋನಿಯಂ ಕಡೆಗೂ ಹೆಚ್ಚು ಒಲಿಯುತ್ತವೆ, ಆದ್ದರಿಂದ ಒಂದೇ ಟಿ3 ಆಗಿದ್ದರೂ ನಿಗಾ ಇಡುವ ರೀತಿ ಬೇರೆಯಾದೀತು. ಸಿ.ಟಿ. ಟಿ4ಎ ಎಂದಿದ್ದ ಕಾರಣ ನಿಮ್ಮ ಮನಸ್ಸಿಗೆ ಇನ್ನೂ ಅಳುಕಿದ್ದರೆ, ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪಡೆದುಕೊಂಡು, ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಕೇಂದ್ರದಲ್ಲಿ ಎರಡನೆಯ ಅಭಿಪ್ರಾಯ ಕೇಳಬಹುದು. ಬರೀ ವರದಿಯ ಪ್ರತಿಯನ್ನು ಒಯ್ದರೆ ಪ್ರಯೋಜನವಿಲ್ಲ, ಏಕೆಂದರೆ ಸೆರೋಸ ಹರಿದಿದೆಯೋ ಇಲ್ಲವೋ ಎಂಬುದನ್ನು ಮರುಪರಿಶೀಲಿಸಲು ಸ್ಲೈಡೇ ಬೇಕು, ಅಗತ್ಯ ಬಿದ್ದರೆ ಅದೇ ಬ್ಲಾಕಿನಿಂದ ಇನ್ನಷ್ಟು ಆಳದ ತೆಳು ಪದರಗಳನ್ನು ಕತ್ತರಿಸಿ ನೋಡಬೇಕಾಗುತ್ತದೆ. ಇದಕ್ಕಾಗಿ ಕೀಮೋವನ್ನು ಮಾತ್ರ ತಡಮಾಡಬೇಡಿ. ಎರಡೂ ಒಟ್ಟಿಗೆ ನಡೆಯಬಹುದು.